ಎಂಟುನೂರು ರೂಪಾಯಿಯ ಸಾಹಿತಿ

ನನ್ನನ್ನು ಸಾಹಿತಿ ಅಂತ ಮೊದಲು ಒಪ್ಪಿಕೊಂಡದ್ದು ಆದಾಯ ತೆರಿಗೆಯ ಫಾರಂ. ಹೆಂಡತಿ ಒಪ್ಪಿಲ್ಲ. ಊರಿನ ಸಮ್ಮೇಳನದವರು ಒಪ್ಪಿಲ್ಲ. ಹನ್ನೊಂದು ವರ್ಷದಿಂದ ತಿಂಗಳಿಗೊಂದು ಅಂಕಣ ಬರೆಯುತ್ತಿದ್ದೇನೆ. ಓದಿದೆ ಅಂತ ಇದುವರೆಗೆ ಹೇಳಿದವರು ಇಬ್ಬರು. ಅವರಲ್ಲಿ ಒಬ್ಬರು ಪ್ರೂಫ್ ನೋಡುವವರು.

ಅಂಕಣಕ್ಕೆ 800 ರೂಪಾಯಿ ಸಂಭಾವನೆ. ಮೊದಲು ಚೆಕ್ ಬರುತ್ತಿತ್ತು. ಎಲ್ಲೋ ಪುಸ್ತಕದ ನಡುವೆ ಇಟ್ಟು ಮರೆತು, ಅವಧಿ ಮುಗಿದ ಮೇಲೆ ಸಿಕ್ಕಿ, ಸುಮ್ನೆ ನೋಡಿ ಖುಷಿಪಡುತ್ತಿದ್ದೆ. ಆಗ ತೆರಿಗೆಯ ಚಿಂತೆಯೇ ಇರಲಿಲ್ಲ. ಈಗ ನೇರ ಖಾತೆಗೇ ಬೀಳುತ್ತದೆ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಹೊಟ್ಟೆಪಾಡಿಗೆ ಒಂದು ಕಂಪನಿಯಲ್ಲಿ ಕೆಲಸ ಇದೆ. ವರ್ಷಕ್ಕೆ ಸಂಬಳ 12,75,000. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆ ಇಲ್ಲ. ತೆರಿಗೆ ಲೆಕ್ಕಕ್ಕೆ ಹಳತು, ಹೊಸತು ಅಂತ ಎರಡು ಪದ್ಧತಿ. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯವರಿಗೆ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರು. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ 75,000 ಕಳೆಯುವುದು ಬೇರೆ. ಒಟ್ಟು 12.75 ಲಕ್ಷ. ಆ ವರ್ಷದ ಇನ್‌ಕ್ರಿಮೆಂಟ್ ಹೊತ್ತಿಗೆ ಮ್ಯಾನೇಜರ್ ನನ್ನನ್ನು ಕರೆದು, ದನಿ ತಗ್ಗಿಸಿ, 'ಇದಕ್ಕಿಂತ ಜಾಸ್ತಿ ಕೊಟ್ಟರೆ ನಿಮಗೇ ತೊಂದರೆ' ಅಂದರು. ಎಂಥ ಕಾಳಜಿ!

ಈ ಜುಲೈನಲ್ಲಿ ರಿಟರ್ನ್ ಹಾಕಲು ಕೂತೆ. ಇಲಾಖೆಯ ಪೋರ್ಟಲ್‌ನಲ್ಲಿ ಎಐಎಸ್ ಅಂತ ಒಂದು ಪಟ್ಟಿ ಸಿಗುತ್ತದೆ. ವರ್ಷವಿಡೀ ನಮ್ಮ ಹೆಸರಿಗೆ ಎಲ್ಲಿಂದ ಏನು ಬಂತು ಅಂತ ಅದರಲ್ಲಿ ಬರೆದಿಟ್ಟಿರುತ್ತಾರೆ. ಪ್ಯಾನ್ ನಂಬರ್, ಹುಟ್ಟಿದ ದಿನ ಎರಡನ್ನೂ ಸೇರಿಸಿ ಪಾಸ್‌ವರ್ಡ್ ಹಾಕಿದರೆ ಚಿತ್ರಗುಪ್ತನ ಕಡತ ತೆರೆದುಕೊಳ್ಳುತ್ತದೆ. ಸೇವಿಂಗ್ಸ್ ಖಾತೆಯ ಬಡ್ಡಿ 1,220. ಇತ್ತು. 2022ರಲ್ಲಿ ಎಲ್ಲರೂ ಹಾಕುತ್ತಿದ್ದಾರೆ ಅಂತ ಅರ್ಜಿ ಹಾಕಿ, ಸಿಕ್ಕಿದ ಮೇಲೆ ಆ ಕಡೆ ತಿರುಗಿಯೂ ನೋಡದ 15 ಎಲ್‌ಐಸಿ ಷೇರು. ಅದಕ್ಕೆ ಬಂದ ಡಿವಿಡೆಂಡ್ 180 ರೂಪಾಯಿ. ಅದೂ ಇತ್ತು. ನನ್ನ ಹೆಂಡತಿಗೆ ಗೊತ್ತಿಲ್ಲದ 180 ರೂಪಾಯಿ ದೆಹಲಿಗೆ ಗೊತ್ತಿದೆ!

ಆದರೆ ಅಂಕಣದ ಹಣ ಇರಲಿಲ್ಲ. ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ಸಂಪಾದಕರು ಕೊಡುವ ಮೊತ್ತಕ್ಕೆ ಟಿಡಿಎಸ್, ಅಂದರೆ ಕೊಡುವಾಗಲೇ ತೆರಿಗೆ, ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ವರ್ಷಕ್ಕೆ 50,000 ದಾಟಿದರೆ ತಾನೇ ಹಿಡಿಯುವುದು. ಬಡ್ಡಿ, ಡಿವಿಡೆಂಡ್ ಹಾಗಲ್ಲ, ಆದರೆ ಇಂಥ ಸಂಭಾವನೆ ಟಿಡಿಎಸ್ ಹಿಡಿಯದಿದ್ದರೆ ಪಟ್ಟಿಗೆ ಬರುವುದಿಲ್ಲ. ಅಂತೂ ನನ್ನ ಅಂಕಣ ಕೇಂದ್ರ ಸರ್ಕಾರದ ಕಣ್ಣಿಗೂ ಬಿದ್ದಿಲ್ಲ. ನಿಜ ಹೇಳುತ್ತೇನೆ, ಬೇಜಾರಾಯಿತು. ಯಾರೂ ಗುರುತಿಸದಿದ್ದರೆ ನಾನೇ ಘೋಷಿಸಿಕೊಳ್ಳುತ್ತೇನೆ ಅಂತ ಎದ್ದು ಆಡಿಟರ್ ಹತ್ತಿರ ಹೋದೆ.

ನಮ್ಮ ಆಡಿಟರ್ ಆಫೀಸು ಒಂದು ಸ್ಟೇಷನರಿ ಅಂಗಡಿಯ ಮೇಲಿದೆ. ಜುಲೈನಲ್ಲಿ ಮೆಟ್ಟಿಲ ಮೇಲೂ ಜನ. ನನ್ನ ಸರದಿ ಬಂದಾಗ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

'ಅಲ್ಲಿ ಇಲ್ಲವಲ್ಲ ಸಾರ್. ನೀವ್ಯಾಕೆ ತರ್ತೀರಿ?'

'ಬಂದಿದೆಯಲ್ಲ ಸಾರ್.'

ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಸುಡುಗಾಡು ಕಾಯುತ್ತಿದ್ದ ಹರಿಶ್ಚಂದ್ರನನ್ನೂ ಜನ ಹೀಗೇ ನೋಡಿರಬೇಕು.

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ಇಷ್ಟು ವರ್ಷ ಯಾವ ವಿಮರ್ಶಕನೂ ನನಗೆ ಕೇಳಿರಲಿಲ್ಲ. 'ಬರೆಯೋದು ನಿಮಗೆ ಹವ್ಯಾಸನಾ, ವೃತ್ತಿನಾ?'

ಯಾವಾಗಲೋ ಒಮ್ಮೆ ಬರೆದರೆ ಅದು 'ಇತರ ಮೂಲಗಳ ಆದಾಯ'. ಬಡ್ಡಿ, ಡಿವಿಡೆಂಡ್ ಪಕ್ಕದಲ್ಲಿ ಕೂರುತ್ತದೆ. ಐಟಿಆರ್-1 ಸಾಕು. ಅದಕ್ಕೆ 'ಸಹಜ್' ಅಂತ ಹೆಸರು. ತಿಂಗಳು ತಪ್ಪದೆ ಹನ್ನೊಂದು ವರ್ಷ ಬರೆದರೆ ಅದು ವೃತ್ತಿ. ಆಗ ಸಹಜವಾಗಿ ಇರುವ ಹಾಗಿಲ್ಲ, ಐಟಿಆರ್-3 ಹಾಕಬೇಕು. ಕಾರ್ಖಾನೆ ಮಾಲೀಕರು, ಷೇರು ಪೇಟೆಯಲ್ಲಿ ಎಫ್ ಆಂಡ್ ಒ ಆಡುವವರು ತುಂಬುವ ಫಾರಂ ಅದು. ಹವ್ಯಾಸ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹನ್ನೊಂದು ವರ್ಷಕ್ಕೊಮ್ಮೆ ಬಂದ ಅವಕಾಶ. 'ವೃತ್ತಿ' ಅಂದೆ, ಎದೆ ಸ್ವಲ್ಪ ಮುಂದೆ ಬಂತು.

ಡಾಕ್ಟರು, ವಕೀಲರು, ಇಂಜಿನಿಯರು, ಆರ್ಕಿಟೆಕ್ಟು ಇಂಥವರಿಗೆ ಒಂದು ಸುಲಭದ ದಾರಿ ಇದೆಯಂತೆ. ಬಂದದ್ದರಲ್ಲಿ ಅರ್ಧ ಲಾಭ ಅಂತ ತೋರಿಸಿದರೆ ಸಾಕು, ಲೆಕ್ಕ ಕೇಳುವುದಿಲ್ಲ. ಆ ಪಟ್ಟಿಯನ್ನು ಆಸೆಯಿಂದ ಓದಿದೆ. ಇಂಟೀರಿಯರ್ ಡೆಕೊರೇಟರ್ ಇದ್ದಾರೆ. ಸಿನಿಮಾದವರು ಇದ್ದಾರೆ. ಮನೆಗೆ ಪರದೆ ಆರಿಸುವವರಿಗೆ ಜಾಗ ಇದೆ, ಅಂಕಣ ಬರೆಯುವವನಿಗೆ ಇಲ್ಲ.

ಆದರೆ ಕೋಡ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಪ್ರತಿ ಕಸುಬಿಗೂ ಒಂದು ನಂಬರ್ ಇರುತ್ತದೆ. ಆ ಹುಡುಗಿ ಮೌಸ್ ಉರುಳಿಸುತ್ತಾ ಹೋಗಿ 'ಸಂಸ್ಕೃತಿ ಮತ್ತು ಕ್ರೀಡೆ' ಅನ್ನುವಲ್ಲಿ ನಿಂತಳು. 'ಇಲ್ಲಿದೆ ಸಾರ್, ಸಾಹಿತ್ಯ ಚಟುವಟಿಕೆ.' ಬಗ್ಗಿ ನೋಡಿದೆ. ಅದೇ ಗುಂಪಿನಲ್ಲಿ ಸರ್ಕಸ್ಸೂ ಇತ್ತು, ಕುದುರೆ ರೇಸೂ ಇತ್ತು. ಯಾರೋ ತಿಳಿದವರೇ ಮಾಡಿರುವ ಪಟ್ಟಿ.

ಲೆಕ್ಕದ ಪುಸ್ತಕ ಇಡದವರು ನಾಲ್ಕು ಅಂಕಿಯನ್ನಾದರೂ ಕೊಡಬೇಕು. ಮೊದಲನೆಯದು, ನಿಮಗೆ ಬರಬೇಕಾದ ಬಾಕಿ.

'ಯಾರಾದ್ರೂ ದುಡ್ಡು ಕೊಡೋದಿದೆಯಾ ಸಾರ್?'

ಎಂಥ ಗಾಯದ ಮೇಲೆ ಕೈ ಇಟ್ಟರು! ಒಂದು ವಾರಪತ್ರಿಕೆ ಮೂರು ಲೇಖನದ್ದು ಕೊಡಬೇಕು, ಪತ್ರಿಕೆಯೇ ನಿಂತುಹೋಗಿದೆ. ಒಂದು ವಿಶೇಷಾಂಕದವರು 'ಮುಂದಿನ ದೀಪಾವಳಿಗೆ ಒಟ್ಟಿಗೆ' ಅಂದಿದ್ದರು, ಯಾವ ದೀಪಾವಳಿ ಅಂತ ಹೇಳಲಿಲ್ಲ. ಹೇಳುತ್ತಾ ಹೋದೆ. ಆಡಿಟರ್ ಕೈ ಎತ್ತಿ ತಡೆದರು. 'ಮರ್ಕೆಂಟೈಲ್ ಪದ್ಧತಿ ಹಿಡಿದರೆ ಬರಬೇಕಾದ್ದೂ ಆದಾಯವೇ ಸಾರ್. ಅದಕ್ಕೂ ತೆರಿಗೆ ಕಟ್ತೀರಾ?' ಕೈಗೆ ಬಂದದ್ದಷ್ಟೇ ಲೆಕ್ಕ ಅಂತ ಬರೆಸಿ, ಬಾಕಿ ಸೊನ್ನೆ ಮಾಡಿದೆವು. ಎಲ್ಲ ಸಂಪಾದಕರನ್ನೂ ಒಂದೇ ಏಟಿಗೆ ಕ್ಷಮಿಸಿದ ಹಾಗಾಯಿತು.

ಎರಡನೆಯದು, ನೀವು ಕೊಡಬೇಕಾದ ಬಾಕಿ. ಓದುಗರಿಗೆ ಕ್ಷಮಾಪಣೆ ಬಿಟ್ಟರೆ ಬೇರೇನೂ ಇಲ್ಲ. ಸೊನ್ನೆ.

ಮೂರನೆಯದು, ವರ್ಷದ ಕೊನೆಗೆ ಉಳಿದ ಸರಕು. ಡ್ರಾಯರ್‌ನಲ್ಲಿ ಅಚ್ಚಾಗದ ಕವಿತೆ ನಲವತ್ತೊಂದು ಇದೆ ಅಂದೆ. ಸರಕಿಗೆ ಬೆಲೆ ಕಟ್ಟುವುದು ತಯಾರಿಸಲು ತಗುಲಿದ ಖರ್ಚು ಅಥವಾ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಆಡಿಟರ್ ನನ್ನನ್ನು ಮತ್ತೇನೂ ಕೇಳದೆ ಸೊನ್ನೆ ಹಾಕಿದರು.

ನಾಲ್ಕನೆಯದು ಕೈಯಲ್ಲಿರುವ ನಗದು. ಬಿಡಿ.

ಈಗ ಒಟ್ಟು ಲೆಕ್ಕ. ಅಂಕಣದ್ದು 9,600, ಬಡ್ಡಿ 1,220, ಡಿವಿಡೆಂಡ್ 180. ಸೇರಿ 11,000. ಸಂಬಳದಲ್ಲಿ ಡಿಡಕ್ಷನ್ ಕಳೆದು ಉಳಿದದ್ದು ಸರಿಯಾಗಿ 12 ಲಕ್ಷ. ಒಟ್ಟು ಆದಾಯ 12,11,000. ತೆರಿಗೆ 11,440.

'ಹನ್ನೊಂದು ಸಾವಿರದ ಮೇಲೆ ಅಷ್ಟಾ?' ಅಂದೆ.

'ರಿಲೀಫ್ ಕೊಟ್ಟ ಮೇಲೆ ಇಷ್ಟು ಸಾರ್.'

12 ಲಕ್ಷದ ಗೆರೆ ದಾಟಿದ ಕೂಡಲೇ ಮನ್ನಾ ಹಾರಿಹೋಗುತ್ತದೆ. ಆಗ ಮೂರು ಕಾಸು ಹೆಚ್ಚು ದುಡಿದವನ ಮೇಲೂ 60,000 ಬೀಳಬೇಕು. ಹಾಗಾಗದಿರಲಿ ಅಂತ ಮಾರ್ಜಿನಲ್ ರಿಲೀಫ್ ಅಂತ ಇಟ್ಟಿದ್ದಾರೆ. ಗೆರೆಯ ಆಚೆ ಎಷ್ಟು ದುಡಿದಿರೋ ಅದಕ್ಕಿಂತ ಜಾಸ್ತಿ ತೆರಿಗೆ ಕೇಳುವುದಿಲ್ಲ. ಅಂದರೆ ಅಷ್ಟನ್ನೂ ಕೇಳುತ್ತಾರೆ. ಅದರ ಮೇಲೆ ಶೇ. 4 ಸೆಸ್. ಈ ಸೆಸ್ಸಿನ ಪೂರ್ತಿ ಹೆಸರು ಆರೋಗ್ಯ ಮತ್ತು ಶಿಕ್ಷಣ ಸೆಸ್. ಹಾಗಾಗಿ ನಾನು ದುಡಿದದ್ದು 11,000, ಕಟ್ಟಬೇಕಾದ್ದು 11,440. ಅಂಕಣ ಬರೆದ ತಪ್ಪಿಗೆ 440 ರೂಪಾಯಿ ದಂಡ. ಆರೋಗ್ಯ ಹೋಯಿತು, ಶಿಕ್ಷಣ ಸಿಕ್ಕಿತು.

ಈ ಗುಂಡಿ ಎಷ್ಟು ಉದ್ದ ಅಂತ ಕೇಳಿದೆ. ಬೆಂಗಳೂರಿನವನಲ್ವಾ, ಗುಂಡಿ ಅಂದ ಕೂಡಲೇ ಅಳತೆ ಕೇಳುವ ಅಭ್ಯಾಸ. ಸುಮಾರು 70,588 ರೂಪಾಯಿ ಉದ್ದ ಅಂದರು. ಅಲ್ಲಿಯವರೆಗೆ ಬಂದದ್ದೆಲ್ಲ ಗುಂಡಿಗೆ. ನನ್ನ ರೇಟಿನಲ್ಲಿ ವರ್ಷಕ್ಕೆ 88 ಅಂಕಣ ಸರ್ಕಾರಕ್ಕೆ ಬರೆದರೆ 89ನೆಯದರಲ್ಲಿ ನನಗೆ ಏನಾದರೂ ಉಳಿದೀತು.

'ಖರ್ಚು ತೋರಿಸೋಣ ಸಾರ್. ಸಾಹಿತ್ಯಕ್ಕೆ ಏನೇನು ಖರ್ಚು ಮಾಡ್ತೀರಿ?'

ನೋಟ್‌ಬುಕ್ಕು, ರೀಫಿಲ್ಲು. ಮುಖ್ಯವಾಗಿ ಕಾಫಿ. ಕಾಫಿ ಪುಡಿಗೆ ಬಿಲ್ ಇದೆಯಾ ಅಂದರು. ಪುಡಿ ಅಂಗಡಿಯವನು ಮೂವತ್ತು ವರ್ಷದಿಂದ ಚಿಕೋರಿ ಎಷ್ಟು ಅಂತ ಕೇಳುತ್ತಾನೆ, ಬಿಲ್ ಬೇಕಾ ಅಂತ ಒಮ್ಮೆಯೂ ಕೇಳಿಲ್ಲ. ಹೋಗಲಿ, ನಷ್ಟ ತೋರಿಸಿದರೆ ಸಂಬಳದಲ್ಲಿ ಕಳೆಯಬಹುದಾ? ಆಗುವುದಿಲ್ಲ. ಆದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದಂತೆ. ಸಾಹಿತ್ಯದ ನಷ್ಟವನ್ನು ನಾನು ಹನ್ನೊಂದು ವರ್ಷದಿಂದ ಒಯ್ಯುತ್ತಲೇ ಇದ್ದೇನೆ ಅಂದೆ. ನಗಲಿಲ್ಲ.

ಹಳೆ ಪದ್ಧತಿಗೆ ಹಾರಿದರೆ? ಅಲ್ಲಿ ಪುಸ್ತಕದ ರಾಯಲ್ಟಿಗೆ 3 ಲಕ್ಷದವರೆಗೆ ವಿನಾಯಿತಿ ಇದೆ. ಕನ್ನಡದ ಬರಹಗಾರನಿಗೆ ವರ್ಷಕ್ಕೆ 3 ಲಕ್ಷ ರಾಯಲ್ಟಿ! ಆ ಕಲಂ ಬರೆದವರ ಕಲ್ಪನಾಶಕ್ತಿ ನನಗಿದ್ದರೆ ಕಾದಂಬರಿ ಬರೆಯುತ್ತಿದ್ದೆ. ಪತ್ರಿಕೆ ಬರಹಕ್ಕೆ ಅದೂ ಇಲ್ಲ. ಮೇಲಾಗಿ, ಸಂಬಳ ಮಾತ್ರ ಇರುವವರು ಹಳತು ಹೊಸತು ಅಂತ ವರ್ಷವರ್ಷ ಬದಲಿಸಬಹುದು. ವೃತ್ತಿಯ ಆದಾಯ ಇದ್ದವನು ಹಳತಕ್ಕೆ ಹೋದರೆ ವಾಪಸ್ ಬರುವ ಬಾಗಿಲು ಒಂದೇ ಸಲ ತೆರೆಯುತ್ತದೆ. ಮದುವೆಗೂ ಇಷ್ಟು ಬಿಗಿ ಇಲ್ಲ.

ಕೊನೆಗೆ ಇನ್ನೊಂದು ಸಿಡಿಮದ್ದು. ಕಟ್ಟಬೇಕಾದ್ದು 10,000 ದಾಟಿತಲ್ಲ, ಅದನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ನಲ್ಲಿ ಕಂತು ಕಂತಾಗಿ ಮುಂಗಡ ಕಟ್ಟಬೇಕಿತ್ತು. ಕಟ್ಟಿಲ್ಲ, ಬಡ್ಡಿ ಕೊಡಿ. ಆಡಿಟರ್ ಫೀಸು 2,500. ಐಟಿಆರ್-1 ಆಗಿದ್ದರೆ ಮನೆಯಲ್ಲೇ ಪುಕ್ಕಟೆ ಮುಗಿಯುತ್ತಿತ್ತು.

ಮನೆಗೆ ಬಂದರೆ ತೀರ್ಥಹಳ್ಳಿಯಿಂದ ಭಾವಮೈದುನ ಬಂದು ಕೂತಿದ್ದ. ಎಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ, 'ಭಾವ, ಬರೆಯೋದು ಬಿಟ್ಟು ಅಡಿಕೆ ಹಾಕಿ' ಅಂದ. ಅವನದ್ದು ಕೃಷಿ ಆದಾಯ. ತೋಟದಲ್ಲಿ ಬೆಳಗಿನಿಂದ ಬೆನ್ನು ಬಗ್ಗಿಸಿ ದುಡಿಯುತ್ತಾನೆ, ಕೊಳೆ ರೋಗ ಬಂದರೆ ಅಳುತ್ತಾನೆ. ಅವನಿಗೆ ಆದಾಯ ತೆರಿಗೆ ಇಲ್ಲ ಅಂದರೆ ನನ್ನ ತಕರಾರಿಲ್ಲ. ಆದರೆ ಬೆಂಗಳೂರಿನಲ್ಲಿ ಬಾಲ್ಕನಿಯ ಕುಂಡದ ಕರಿಬೇವು ಬಿಟ್ಟು ಬೇರೇನೂ ಮುಟ್ಟದ ಕೆಲವರ ರಿಟರ್ನ್‌ನಲ್ಲೂ ಭರ್ತಿ ಫಸಲು ಬರುತ್ತದಲ್ಲ, ಅಲ್ಲಿಗೆ ಮಾತ್ರ ಯಾವ ರೋಗವೂ ಬರುವುದಿಲ್ಲ.

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಅಂತ ಅವನಿಗೆ ಹೇಳಿದೆ. 'ಹೌದು ಭಾವ, ಆದ್ರೆ ಅಡಿಕೆಗೆ ತೆರಿಗೆ ಬಾರದು' ಅಂದ.

ಮೇಲಿನ ಮನೆಯಲ್ಲಿ ಸಂಜೆ ಟ್ಯೂಷನ್. ಮೆಟ್ಟಿಲ ಮೇಲೆ ಚಪ್ಪಲಿ ಎಣಿಸಿದರೆ ಮೂವತ್ತು ಜೊತೆ ಸಿಗುತ್ತದೆ. ಫೀಸು ತಿಂಗಳ ಮೊದಲ ವಾರ, ಕವರ್‌ನಲ್ಲಿ, ನಗದು. ಕೆಳಗಿನ ಬೇಕರಿಯವರು ಕ್ಯೂಆರ್ ಕೋಡ್ ಅಂಟಿಸಿಕೊಂಡು ಬನ್ನು ಮಾರುತ್ತಿದ್ದರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಯವರ ನೋಟಿಸು ಸಣ್ಣ ಅಂಗಡಿಗಳಿಗೆ ಹೊರಟಾಗ, ನೋಟಿಸು ಬಾರದಿದ್ದ ಇವರೂ ಅದನ್ನು ಕೆರೆದು ತೆಗೆದರು. ಅರ್ಧ ಸ್ಟಿಕ್ಕರ್ ಇನ್ನೂ ಗಾಜಿಗೆ ಅಂಟಿಕೊಂಡಿದೆ. ಟ್ಯೂಷನ್ ಮೇಷ್ಟ್ರು ಅದನ್ನು ನೋಡಿ ನಗುತ್ತಾ ಬನ್ನು ತಗೊಂಡು ಹೋಗುತ್ತಾರೆ.

ಆಡಿಟರ್ ಒಂದು ಸಲಹೆ ಕೊಟ್ಟಿದ್ದರು. ಮುಂದಿನ ವರ್ಷದಿಂದ ಈ ಆದಾಯವನ್ನು ಆಫೀಸಿಗೇ ತಿಳಿಸಿ, ಅವರೇ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುತ್ತಾರೆ, ಬಡ್ಡಿ ತಪ್ಪುತ್ತದೆ. ಕಾನೂನಿನಲ್ಲಿ ಅವಕಾಶ ಇದೆ. ಆಫೀಸಿನ ನೇಮಕಾತಿ ಪತ್ರದಲ್ಲಿ ಇಲ್ಲ. 'ಬೇರೆ ಯಾವುದೇ ಲಾಭದಾಯಕ ಕೆಲಸದಲ್ಲಿ ತೊಡಗಕೂಡದು' ಅಂತ ಅಲ್ಲಿದೆ. 2022ರಲ್ಲಿ ವಿಪ್ರೊ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರು ಅಂತ 300 ಜನರನ್ನು ಮನೆಗೆ ಕಳಿಸಿದ್ದು ಇನ್ನೂ ಎಲ್ಲರ ಬಾಯಲ್ಲಿದೆ. ಸರ್ಕಾರಕ್ಕೆ ಸತ್ಯ ಹೇಳಬೇಕಾದರೆ ಆಫೀಸಿಗೆ ಹೇಳಬೇಕು. ಆಫೀಸಿಗೆ ಹೇಳಿದರೆ ತೆರಿಗೆ ಕಟ್ಟಲು ಸಂಬಳವೇ ಇರಲಿಕ್ಕಿಲ್ಲ.

ಆದರೂ ಎಚ್‌ಆರ್ ಹುಡುಗಿಯ ಮುಂದೆ ಹೋಗಿ ಕೂತೆ. ಹೇಳಿದೆ. ಅವಳ ಮುಖ ಗಂಭೀರವಾಯಿತು. ಏನೋ ತೆರೆದು ಟೈಪ್ ಮಾಡತೊಡಗಿದಳು. ಆಗ ಆಡಿಟರ್ ಕೊಟ್ಟ ಲೆಕ್ಕದ ಹಾಳೆ ಮೇಜಿನ ಮೇಲಿಟ್ಟೆ. ಬಂದದ್ದು 11,000. ಹೋದದ್ದು 11,440. ಫೀಸು ಬೇರೆ, ಬಡ್ಡಿ ಬೇರೆ. ಎರಡು ಸಲ ಓದಿದಳು.

'ಸಾರ್, ಇದು ಲಾಭದಾಯಕ ಅಲ್ವಲ್ಲ.'

'ಅಲ್ಲ ಕಣಮ್ಮ.'

'ಹಾಗಾದ್ರೆ ಹವ್ಯಾಸ ಅಂತ ಹಾಕ್ತೀನಿ' ಅಂತ ಒಂದು ಟಿಕ್ ಹಾಕಿದಳು. ವೃತ್ತಿಯಿಂದ ಹವ್ಯಾಸಕ್ಕೆ ಬೀಳಲು ನನಗೆ ನಾಲ್ಕೇ ದಿನ ಹಿಡಿಯಿತು. ಕೆಲಸ ಉಳಿಯಿತು. ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದೇನೆ.

ರಿಟರ್ನ್ ಹೋಯಿತು. ಇಡೀ ದೇಶದ ರಿಟರ್ನ್ ಬಂದು ಬೀಳುವುದು ನಮ್ಮ ಬೆಂಗಳೂರಿನಲ್ಲಿರುವ ಇಲಾಖೆಯ ಸಂಸ್ಕರಣಾ ಕೇಂದ್ರ ಸಿಪಿಸಿಗೇ. ಎಲೆಕ್ಟ್ರಾನಿಕ್ ಸಿಟಿ ಪೋಸ್ಟ್ ಆಫೀಸಿನ ವಿಳಾಸ, ಪಿನ್ 560500. ನನ್ನ ಫಾರಂ ಅಲ್ಲಿಗೆ ಕ್ಷಣದಲ್ಲಿ ಮುಟ್ಟಿತು. ಅದೇ ದಿಕ್ಕಿಗೆ ಹೊರಟ ನಾನು ಇನ್ನೂ ಸಿಲ್ಕ್ ಬೋರ್ಡ್‌ನಲ್ಲಿದ್ದೆ. ಫೋನ್ ಬಂತು. ಸಂಪಾದಕರು.

'ಒಂದು ಸಿಹಿ ಸುದ್ದಿ ಸಾರ್. ಮುಂದಿನ ತಿಂಗಳಿಂದ ನಿಮ್ಮ ಸಂಭಾವನೆ ಸಾವಿರ ಮಾಡಿದ್ದೀವಿ.'

ಎಸಿ ಬಸ್ಸಿನಲ್ಲೂ ಬೆವರು ಬಂತು. ತಿಂಗಳಿಗೆ 200 ಜಾಸ್ತಿ, ವರ್ಷಕ್ಕೆ 2,400. ಅದಕ್ಕೆ ತೆರಿಗೆ 2,496.

'ಬೇಡ ಸಾರ್, ದಯವಿಟ್ಟು ಬೇಡ' ಅಂದೆ. 'ಅಷ್ಟು ಪ್ರೀತಿ ಇದ್ದರೆ ಯಾವುದಾದರೂ ಸಭೆಯಲ್ಲಿ ಒಂದು ಶಾಲು ಹೊದಿಸಿ ಬಿಡಿ.'

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಗದ್ಗದ ದನಿ. 'ಇಂಥ ನಿಸ್ವಾರ್ಥ ಸಾಹಿತಿಗಳು ಈಗ ಎಲ್ಲಿದ್ದಾರೆ ಸಾರ್!'

ಫೋನ್ ಇಟ್ಟ ಮೇಲೆ ಆಡಿಟರ್‌ಗೆ ಮೆಸೇಜ್ ಹಾಕಿದೆ. ಶಾಲಿಗೆ ಯಾವ ಕೋಡ್?