ಡೆಕ್ ಕೊಳ್ಳುವ ಮೊದಲು ಎಂಟನೇ ಎಲೆ, ಹನ್ನೊಂದನೇ ಎಲೆ ನೋಡಿ

ಟ್ಯಾರೋ ಡೆಕ್ಕನ್ನು, ಅಂದರೆ ಭವಿಷ್ಯ ಹೇಳೋಕೆ ಬಳಸುವ ಚಿತ್ರದ ಎಲೆಗಳ ಕಟ್ಟನ್ನು, ಚಿತ್ರ ಚೆಂದ ಇದೆ ಅಂತ ಕೊಳ್ಳೋದು ಭವಿಷ್ಯ ನೋಡೋರಿಗೆ ಸರಿ. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಪಂಥದ ಕ್ರಮ ಕಲಿಯೋಕೆ ಹೊರಟವರಿಗೆ ಅದು ಸಾಲದು. ಅಲ್ಲಿ 22 ದೊಡ್ಡ ಎಲೆಗಳಿಗೆ 22 ಹೀಬ್ರೂ ಅಕ್ಷರ. ವ್ಯಾಂಡ್ಸ್, ಕಪ್ಸ್, ಸ್ವೋರ್ಡ್ಸ್, ಪೆಂಟಕಲ್ಸ್ ಎಂಬ ನಾಲ್ಕು ಗುಂಪುಗಳಲ್ಲಿ ಎರಡರಿಂದ ಹತ್ತರವರೆಗಿನ 36 ಚಿಕ್ಕ ಎಲೆಗಳಿಗೆ ರಾಶಿಚಕ್ರದ ಹತ್ತತ್ತು ಡಿಗ್ರಿಯ 36 ಭಾಗ. ಡೆಕ್ ಈ ಲೆಕ್ಕಕ್ಕೆ ಕೂಡಿಬರಬೇಕು.

ಹಳೆಯ ಫ್ರೆಂಚ್ ಮಾದರಿಯ ಮಾರ್ಸೇ ಡೆಕ್‌ನಲ್ಲಿ 8 ಜಸ್ಟಿಸ್ (ನ್ಯಾಯ, ತಕ್ಕಡಿ ಇರುವುದು), 11 ಸ್ಟ್ರೆಂತ್ (ಬಲ, ಸಿಂಹ ಇರುವುದು). ಗೋಲ್ಡನ್ ಡಾನ್ ಇವೆರಡನ್ನು ಅದಲುಬದಲು ಮಾಡಿತು: ಸಿಂಹವಿರುವ ಎಲೆ ಸಿಂಹರಾಶಿಗೆ, ತಕ್ಕಡಿಯ ಎಲೆ ತುಲಾರಾಶಿಗೆ ಬರಲಿ ಅಂತ. ಇನ್ನು ಫೂಲ್ (ಮೂರ್ಖ) ಎಂಬ ದೊಡ್ಡ ಎಲೆ. ಇಲ್ಲಿ ಅದಕ್ಕೆ ಮೊದಲ ಅಕ್ಷರ ಆಲೆಫ್. ಗೂಢವಿದ್ಯೆಯ ಲೇಖಕ ಎಲಿಫಾಸ್ ಲೆವಿಯ ಫ್ರೆಂಚ್ ಪದ್ಧತಿಯಲ್ಲಿ ಆಲೆಫ್ ಮ್ಯಾಜಿಶಿಯನ್‌ಗೆ. ಒಂದು ಕಡೆಯ ಪುಸ್ತಕ, ಇನ್ನೊಂದು ಕಡೆಯ ಡೆಕ್ ಹಿಡಿದು ಕೂತರೆ 1ರಿಂದ 20ರ ತನಕ ಎಲ್ಲವೂ ಒಂದೊಂದು ಅಕ್ಷರ ಜರುಗುತ್ತೆ. ಎಷ್ಟು ಕಂಠಪಾಠ ಮಾಡಿದರೂ ತಾಳೆಯಾಗಲ್ಲ.

ವೇಟ್ ರೂಪಿಸಿ ಸ್ಮಿತ್ ಚಿತ್ರ ಬರೆದ 1909ರ ವೇಟ್–ಸ್ಮಿತ್ ಡೆಕ್ ಒಳ್ಳೆಯದೇ. ಅದರ ಹತ್ತು ಪೆಂಟಕಲ್ಸ್ ಎಲೆಯಲ್ಲಿ ನಾಣ್ಯಗಳು ಯಹೂದಿ ಗೂಢವಿದ್ಯೆಯಾದ ಕಬಾಲದ ಜೀವವೃಕ್ಷದ ಆಕಾರದಲ್ಲೇ ಕೂತಿವೆ. ಆದರೆ ಚಿಕ್ಕ ಎಲೆಗಳ ಮೇಲೆ ಗ್ರಹ-ರಾಶಿಯ ಗುರುತಿಲ್ಲ. ಅದೇ ಪಂಥದಲ್ಲಿದ್ದ ಅಲೆಸ್ಟರ್ ಕ್ರೌಲಿಯ ಡೆಕ್ಕಾದ ಥಾತ್‌ನಲ್ಲಿ ಗುರುತಿದೆ: ಎರಡು ವ್ಯಾಂಡ್ಸ್ ಮೇಲೆ ಕುಜ, ಕೆಳಗೆ ಮೇಷ. ಆದರೂ ಮೊದಲ ಡೆಕ್ಕಾಗಿ ಥಾತ್ ಬೇಡ ಅಂತಲೇ ನನ್ನ ಅಭಿಪ್ರಾಯ. ದೊಡ್ಡ ಎಲೆಗಳಾದ ಎಂಪರರ್ ಮತ್ತು ಸ್ಟಾರ್‌ನ ಅಕ್ಷರಗಳನ್ನು ಕ್ರೌಲಿ ಅದಲುಬದಲು ಮಾಡಿದ್ದಾರೆ. ಮೂಲ ಕ್ರಮ ಬಾಯಿಗೆ ಬಂದಿಲ್ಲದವರಿಗೆ ಆ ತಿದ್ದುಪಡಿಯ ಅರ್ಥವೇ ಆಗಲ್ಲ. ರಾಜಪರಿವಾರದ ಎಲೆಗಳಲ್ಲೂ ತೊಡಕಿದೆ. ಥಾತ್‌ನ ನೈಟ್ ರಾಣಿಗೆ ಜೋಡಿ, ವೇಟ್‌ನ ನೈಟ್ ರಾಜನ ಕೆಳಗಿನವನು. ಹೆಸರು ಒಂದೇ ಅಂತ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಬೇಡಿ. ಗಾಡ್‌ಫ್ರೀ ಡೌಸನ್ ಅವರ ಕಪ್ಪುಬಿಳುಪು ಹರ್ಮೆಟಿಕ್ ಟ್ಯಾರೋ ಕಣ್ಣಿಗೆ ಹಬ್ಬವಲ್ಲ, ಆದರೆ ಗುರುತುಗಳೆಲ್ಲ ಎಲೆಯ ಮೇಲೇ ಇವೆ. ಓದಿಗೆ ಅದು, ಪಕ್ಕದಲ್ಲಿ ಚಿತ್ರಕ್ಕೆ ವೇಟ್: ಇಷ್ಟು ಸಾಕು.

ಜ್ಯೋತಿಷ ಬಲ್ಲವರು ಎಡವೋದು ದ್ರೇಕ್ಕಾಣದಲ್ಲಿ, ಅಂದರೆ ಪ್ರತಿ ರಾಶಿಯ ಆ ಹತ್ತತ್ತು ಡಿಗ್ರಿಯ ಭಾಗಗಳಲ್ಲಿ. ನಮ್ಮ ಪರಾಶರ ಕ್ರಮದಲ್ಲಿ ಮೇಷದ ಮೂರು ಭಾಗಕ್ಕೆ ಕುಜ, ರವಿ, ಗುರು. ಇಲ್ಲಿ ಕುಜ, ರವಿ, ಶುಕ್ರ. ಇದು ಪಂಚಾಂಗದಲ್ಲಿರುವ ಹೋರೆಯ ಕ್ರಮ: ರವಿ, ಶುಕ್ರ, ಬುಧ, ಚಂದ್ರ, ಶನಿ, ಗುರು, ಕುಜ. 

ಡೆಕ್ ಕೈಗೆ ಬಂದ ದಿನವೇ 36 ಎಲೆಗಳನ್ನು ನೆಲದ ಮೇಲೆ ವೃತ್ತಾಕಾರವಾಗಿ ಜೋಡಿಸಿ. ಮೇಷಕ್ಕೆ ವ್ಯಾಂಡ್ಸ್ 2, 3, 4. ವೃಷಭಕ್ಕೆ ಪೆಂಟಕಲ್ಸ್ 5, 6, 7. ಮಿಥುನಕ್ಕೆ ಸ್ವೋರ್ಡ್ಸ್ 8, 9, 10. ಕರ್ಕಾಟಕಕ್ಕೆ ಕಪ್ಸ್ 2, 3, 4. ಸಿಂಹಕ್ಕೆ ಮತ್ತೆ ವ್ಯಾಂಡ್ಸ್, ಈ ಸಲ 5, 6, 7. ಹೀಗೇ ಮೀನದ ಹತ್ತು ಕಪ್ಸ್‌ವರೆಗೆ ಹೋಗಿ. ಆಮೇಲೆ ಎರಡು ವ್ಯಾಂಡ್ಸ್‌ನಿಂದ ಕುಜ, ರವಿ, ಶುಕ್ರ ಅಂತ ಹೋರೆಯ ಕ್ರಮದಲ್ಲೇ ಎಣಿಸಿ. ಕೊನೆಯ ಹತ್ತು ಕಪ್ಸ್‌ಗೂ ಕುಜನೇ ಬರಬೇಕು; ವೃತ್ತ ಕೂಡುವಲ್ಲಿ ಎರಡು ಕುಜ ಅಕ್ಕಪಕ್ಕ ಕೂರುತ್ತವೆ. ಅಲ್ಲಿ ಬೇರೆ ಗ್ರಹ ಬಂದರೆ ನಡುವೆ ಎಲ್ಲೋ ಎಣಿಕೆ ತಪ್ಪಿದೆ, ಸಿಂಹದಿಂದ ಮತ್ತೆ ನೋಡಿ. ಅದರ ಮೊದಲ ಎಲೆಗೆ ಶನಿ ಬರಬೇಕು.