ಬೆಟ್ಟಕ್ಕೆ ಒಂದೇ ರಾತ್ರಿ ಅಂದರೆ ಇದು ಯಾವ ಸೀಮೆ ಯಾತ್ರೆ?

ವೈಷ್ಣೋದೇವಿ ಪ್ಯಾಕೇಜ್ ಮಾರುವ ಟೂರ್‌ನವರ ಮೇಲಿನ ಸಿಟ್ಟು ಊರಿಗೆ ವಾಪಸ್ ಬಂದ ಮೇಲೂ ನನಗೆ ಇಳಿದಿಲ್ಲ. ನಮ್ಮನ್ನು ಕರೆದುಕೊಂಡು ಹೋದವರ ಹೆಸರು ಹೇಳುವುದಿಲ್ಲ. ಯಾಕೆಂದರೆ ಬೆಟ್ಟದ ಬುಡದ ಊರಾದ ಕಟ್ರಾದಲ್ಲಿ ಸಿಕ್ಕ ಬೇರೆ ಕನ್ನಡದ ತಂಡಗಳ ಕೈಯಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ ಇತ್ತು. ಜಮ್ಮುವಿನ ರಘುನಾಥ ಮಂದಿರ, ಪಟ್ನಿಟಾಪ್ ಗಿರಿಧಾಮ, ಶಿವಖೋಡಿ ಗುಹೆ, ಚೆನಾಬ್ ರೈಲು ಸೇತುವೆ, ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಯಾವ ತಾಯಿಯನ್ನು ನೋಡಬೇಕು ಅಂತ ಜನ ವರ್ಷಗಟ್ಟಲೆ ದುಡ್ಡು ಕೂಡಿಟ್ಟರೋ ಆ ಬೆಟ್ಟಕ್ಕೆ ಮಾತ್ರ ಒಂದೇ ರಾತ್ರಿ. ಸಂಜೆ ಹತ್ತಿ, ರಾತ್ರಿ ದರ್ಶನ ಮುಗಿಸಿ, ಬೆಳಿಗ್ಗೆ ತಿಂಡಿ ಹೊತ್ತಿಗೆ ಹೋಟೆಲ್‌ಗೆ ಬಂದುಬಿಡಬೇಕಂತೆ.

ಸ್ವಲ್ಪ ಲೆಕ್ಕ ಹಾಕಿ. ಕಟ್ರಾದಿಂದ ಭವನಕ್ಕೆ, ಅಂದರೆ ತಾಯಿಯ ಗುಹೆ ಇರುವ ಜಾಗಕ್ಕೆ, ಸುಮಾರು 13 ಕಿಲೋಮೀಟರ್ ಏರು. ಇಳಿಯುವುದೂ ಅಷ್ಟೇ ದೂರ. ಭವನದಿಂದ ಭೈರೋನಾಥನ ಗುಡಿಗೆ ಇನ್ನೂ ಒಂದೂವರೆ ಕಿಲೋಮೀಟರ್, ಅದಂತೂ ಕಡಿದಾದ ಏರು. ನಮ್ಮ ಬಸ್ಸಿನಲ್ಲಿದ್ದವರು ಮುಕ್ಕಾಲು ಪಾಲು ಅರವತ್ತು ದಾಟಿದವರು. ಮಂಡಿಗೆ ಪಟ್ಟಿ ಕಟ್ಟಿಕೊಂಡವರು, ಬಿಪಿ, ಶುಗರ್ ಮಾತ್ರೆ ನುಂಗುವವರು. ಹಗಲೆಲ್ಲ ಬಸ್ಸಿನಲ್ಲಿ ಕೂರಿಸಿ, ಸಂಜೆ ಇವರನ್ನು ಬೆಟ್ಟದ ಬುಡದಲ್ಲಿ ಇಳಿಸಿ, "ಬೆಳಿಗ್ಗೆ ಒಂಬತ್ತಕ್ಕೆ ಬಸ್ ಬಿಡ್ತೀವಿ" ಅಂದರೆ ಏನರ್ಥ?

ಬುಕ್ಕಿಂಗ್ ಮಾಡುವಾಗ ಇದನ್ನೇ ಕೇಳಿದ್ದೆ. "ತಿರುಪತಿ ಹತ್ತಿದ್ದೀರಲ್ವಾ, ಇದೂ ಹಾಗೇ" ಎಂದಿದ್ದರು. ಹಾಗೆ ಹೇಗಾಗುತ್ತದೆ? ಅಲಿಪಿರಿ ಮೆಟ್ಟಿಲ ದಾರಿ ಸುಮಾರು 9 ಕಿಲೋಮೀಟರ್. ಮೇಲೆ ಹೋದರೆ ಒಂದು ಊರೇ ಇದೆ, ಇಳಿಯಲು ಬಸ್ಸಿದೆ. ವೈಷ್ಣೋದೇವಿಯ ಭವನಕ್ಕೆ ಕೆಳಗಿನಿಂದ ಬಸ್ಸು, ಕಾರು ಹೋಗುವ ರಸ್ತೆಯೇ ಇಲ್ಲ. ಮೇಲೆ ಹೋದವರು ನಡೆದೋ, ಕುದುರೆ ಹತ್ತಿಯೋ, ಪಾಲ್ಕಿಯಲ್ಲಿ ಕೂತೋ ವಾಪಸ್ ಬರಬೇಕು. ಹೆಲಿಕಾಪ್ಟರ್ ಇದೆ, ಆದರೆ ಅದು ಭವನಕ್ಕಿಂತ ಮೊದಲೇ ಸಿಗುವ ಸಾಂಝಿಛತ್‌ವರೆಗೆ ಮಾತ್ರ. ಅದಕ್ಕೂ ಬಹಳ ಮೊದಲೇ ಬುಕ್ ಮಾಡಬೇಕು. ಇದ್ಯಾವುದನ್ನೂ ಯಾರೂ ಹೇಳಲಿಲ್ಲ.

ದಾರಿಯ ವಿಷಯಕ್ಕೆ ಬರೋಣ. 2018ರಲ್ಲೇ ತಾರಾಕೋಟ್ ಮಾರ್ಗ ಅಂತ ಹೊಸ ದಾರಿ ಆಗಿದೆ. ಅಗಲ ಜಾಸ್ತಿ, ಏರು ಕಡಿಮೆ, ಕುದುರೆಗಳಿಗೆ ಪ್ರವೇಶ ಇಲ್ಲ. ವಯಸ್ಸಾದವರನ್ನು ಆ ದಾರಿಯಲ್ಲೇ ಕರೆದೊಯ್ಯಬೇಕು ಅನ್ನುವುದು ಒಮ್ಮೆ ಹೋಗಿಬಂದ ಯಾರಿಗಾದರೂ ಗೊತ್ತು. ನಮ್ಮ ಮ್ಯಾನೇಜರ್ ನಮ್ಮನ್ನು ಬಾಣಗಂಗಾ ಕಡೆಯ ಹಳೇ ದಾರಿಗೆ ಬಿಟ್ಟ. ಹೋಟೆಲ್ ಆ ಕಡೆಗಿತ್ತು, ಅಷ್ಟೇ ಕಾರಣ. ಕತ್ತಲಲ್ಲಿ ಹಿಂದಿನಿಂದ ಗೊರಸಿನ ಸದ್ದು ಕೇಳಿದಾಗಲೆಲ್ಲ ನಮ್ಮಮ್ಮ ಕಂಬಿಗೆ ಅಂಟಿಕೊಂಡು ನಿಂತುಬಿಡುತ್ತಿದ್ದಳು. ಲದ್ದಿ ಮತ್ತು ನೀರು ಸೇರಿ ಕಾಲಡಿ ಜಾರುತ್ತಿತ್ತು. ತಂಡದ ಇನ್ನೊಬ್ಬ ಹೆಂಗಸಿನ ಭುಜಕ್ಕೆ ಕುದುರೆಯ ಜೀನು ತಗಲಿ ಅಲ್ಲೇ ಕೂತುಬಿಟ್ಟರು. ಪಕ್ಕದಲ್ಲಿ ಟೂರ್‌ನವರು ಯಾರಿದ್ದರು? ಯಾರೂ ಇಲ್ಲ. ಮ್ಯಾನೇಜರ್ ಕೆಳಗೆ ಹೋಟೆಲ್‌ನಲ್ಲಿ ಮಲಗಿದ್ದ. ಬೆಟ್ಟ ಹತ್ತುವುದು ಅವನ ಕೆಲಸಕ್ಕೆ ಸೇರಿಲ್ಲವಂತೆ.

ಅರ್ಧ ದಾರಿಯಲ್ಲಿ ಸಿಗುವ ಅರ್ಧಕುವಾರಿಗೆ ಬಂದಾಗ ಇನ್ನೊಂದು ಸಂಕಟ. ತಾಯಿ ಒಂಬತ್ತು ತಿಂಗಳು ತಪಸ್ಸಿಗೆ ಕೂತಿದ್ದಳು ಎನ್ನುವ ಗರ್ಭಜೂನ್ ಗುಹೆ ಇರುವುದು ಅಲ್ಲೇ. ಕಿರಿದಾದ ಸಂದಿಯಲ್ಲಿ ಬಗ್ಗಿ, ತೆವಳಿ ಆಚೆ ಬರಬೇಕು. ಅಲ್ಲಿ ನಂಬರ್ ಚೀಟಿ ಕೊಡುತ್ತಾರೆ, ನಮ್ಮ ಗುಂಪಿನ ಸರದಿ ಬರುವವರೆಗೆ ಕಾಯಬೇಕು. ಜನ ಜಾಸ್ತಿ ಇದ್ದರೆ ಗಂಟೆಗಟ್ಟಲೆ. ಇದು ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ. ಹಾಗಾದರೆ ಒಂದು ರಾತ್ರಿಯ ಕಾರ್ಯಕ್ರಮದಲ್ಲಿ ಅದು ಹೇಗೆ ಸೇರುತ್ತದೆ? ಆದರೂ ಜಾಹೀರಾತಿನಲ್ಲಿ "ಅರ್ಧಕುವಾರಿ ದರ್ಶನ" ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಮ್ಯಾನೇಜರ್‌ಗೆ ಫೋನ್ ಮಾಡಿದರೆ, "ಅದು ಸಣ್ಣ ಗುಹೆ ಸರ್, ಬಿಟ್ಟು ಮುಂದೆ ಹೋಗಿ" ಅಂದ. ಹರಕೆ ಹೊತ್ತು ಬಂದವರಿಗೆ ಹೇಳುವ ಮಾತಾ ಇದು? ಗುಹೆಯ ಬಾಗಿಲಿಗೆ ಕೈಮುಗಿದು, ಒಳಗೆ ಹೋಗದೇ ಮುಂದೆ ನಡೆದವರ ಮುಖ ನೋಡಬೇಕಿತ್ತು.

ಭವನ ತಲುಪಿದಾಗ ಆರತಿಯ ಹೊತ್ತು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಆರತಿಗೆ ದರ್ಶನ ನಿಲ್ಲಿಸುತ್ತಾರೆ, ಸುಮಾರು ಎರಡು ಗಂಟೆ. ವರ್ಷವಿಡೀ ಇದೇ ಪದ್ಧತಿ. ಟೂರ್‌ನವರಿಗೆ ಇದಾದರೂ ಗೊತ್ತಿರಬೇಡವೇ? ಚಳಿಯಲ್ಲಿ, ಕೈಯಲ್ಲಿ ಶಾಲೂ ಇಲ್ಲದೆ ವಯಸ್ಸಾದವರು ಕಲ್ಲಿನ ಮೇಲೆ ಕೂತಿದ್ದರು.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ಸರದಿಯಲ್ಲಿ ನೂಕಿಸಿಕೊಂಡು ಒಳಗೆ ಹೋಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ಬಂದ ಅಮ್ಮ ನನ್ನ ಕೈ ಹಿಡಿದು ಕೇಳಿದಳು, "ದೇವಿ ಎಲ್ಲಿದ್ದಳೋ?" ಒಳಗೆ ವಿಗ್ರಹವನ್ನು ಹುಡುಕಿದ್ದಾಳೆ. ಚಾಮುಂಡಿಯನ್ನು ನೋಡಿದ ಕಣ್ಣು, ಮೂಕಾಂಬಿಕೆಯನ್ನು ನೋಡಿದ ಕಣ್ಣು, ಅಲಂಕಾರದ ಮೂರ್ತಿ ಇರುತ್ತದೆ ಅಂದುಕೊಂಡಿದೆ. ಅಲ್ಲಿರುವುದು ತಾನಾಗಿ ಮೂಡಿದ ಮೂರು ಪಿಂಡಿಗಳು, ಅಂದರೆ ಕಲ್ಲಿನ ಉಬ್ಬುಗಳು. ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿ, ಮೂವರೂ ಒಂದೇ ಬಂಡೆಯಲ್ಲಿ. ನಿಲ್ಲಲು ಬಿಡುವುದಿಲ್ಲ, ಪೂಜಾರಿ ಕೈ ತೋರಿಸುವಷ್ಟರಲ್ಲಿ ಹಿಂದಿನವರು ತಳ್ಳಿರುತ್ತಾರೆ. ಎಲ್ಲಿ ನೋಡಬೇಕು ಅಂತ ಮೊದಲೇ ಗೊತ್ತಿದ್ದವರಿಗಷ್ಟೇ ಕಾಣುತ್ತದೆ. ಅಷ್ಟುದ್ದದ ಬಸ್ ಪ್ರಯಾಣದಲ್ಲಿ ಟಿವಿಯಲ್ಲಿ ಸಿನಿಮಾ ಹಾಕಿದರೇ ಹೊರತು, ಎರಡು ನಿಮಿಷ ಎದ್ದು ನಿಂತು "ಅಮ್ಮಂದಿರೇ, ವಿಗ್ರಹ ಹುಡುಕಬೇಡಿ, ಪಿಂಡಿ ನೋಡಿ" ಅಂತ ಹೇಳುವ ಮನಸ್ಸು ಯಾರಿಗೂ ಆಗಲಿಲ್ಲ. ನಮ್ಮಮ್ಮ ಇನ್ನೊಮ್ಮೆ ಅಷ್ಟು ದೂರ ಹೋಗುವುದು ಈ ವಯಸ್ಸಿಗೆ ಸಾಧ್ಯವಿಲ್ಲ. ಇದನ್ನು ಯಾರು ತುಂಬಿಕೊಡುತ್ತಾರೆ?

ಜಾಹೀರಾತಿನಲ್ಲಿ ಹಳೇ ಗುಹೆಯ ಫೋಟೋ ಹಾಕಿದ್ದರು. ಆ ಪ್ರಾಚೀನ ಗುಹೆಯನ್ನು ತೆರೆಯುವುದು ಜನ ತೀರಾ ಕಡಿಮೆ ಇರುವ ಚಳಿಗಾಲದ ದಿನಗಳಲ್ಲಿ. ಉಳಿದಂತೆ ಎಲ್ಲರೂ ಹೋಗಿಬರುವುದು ಆಮೇಲೆ ಕೊರೆದ ಸುರಂಗಗಳಲ್ಲಿ. ಬೇಸಿಗೆ ರಜೆಯ ಟೂರ್‌ಗೆ ಆ ಫೋಟೋ ಹಾಕುವುದು ಸುಳ್ಳು. ಬೇರೆ ಮಾತಿಲ್ಲ.

ತಾಯಿಯ ಕೈಯಲ್ಲೇ ಹತನಾದ ಭೈರೋನಾಥನ ದರ್ಶನ ಆಗದೇ ಯಾತ್ರೆ ಪೂರ್ಣವಾಗುವುದಿಲ್ಲ ಎಂದು ನಂಬಿಕೆ. ತಾಯಿಯೇ ಅವನಿಗೆ ಆ ವರ ಕೊಟ್ಟಳಂತೆ. 2018ರ ಡಿಸೆಂಬರ್‌ನಿಂದ ಭವನದಿಂದ ಅಲ್ಲಿಗೆ ರೋಪ್‌ವೇ ಇದೆ, ಕೆಲವೇ ನಿಮಿಷದ ದಾರಿ. ಆದರೆ ರೋಪ್‌ವೇಗೂ ಸರದಿ ನಿಲ್ಲಬೇಕಲ್ಲ. ಅಷ್ಟರಲ್ಲಿ ಕೆಳಗಿನಿಂದ ಫೋನ್ ಮೇಲೆ ಫೋನ್. "ಶಿವಖೋಡಿಗೆ ಲೇಟ್ ಆಗ್ತಿದೆ." ಭೈರೋನನ್ನು ಬಿಟ್ಟು ಇಳಿದೆವು.

ಶಿವಖೋಡಿ ಎಂಥ ಜಾಗ ಗೊತ್ತಾ? ಭಸ್ಮಾಸುರನಿಂದ ತಪ್ಪಿಸಿಕೊಳ್ಳಲು ಶಿವ ಅಡಗಿದ ಗುಹೆ ಎಂದು ಹೇಳುತ್ತಾರೆ. ಒಳಗೆ ಲಿಂಗದ ಮೇಲೆ ತಾನಾಗಿ ನೀರು ತೊಟ್ಟಿಕ್ಕುತ್ತದೆ. ಅದನ್ನೇ ನೋಡಲೆಂದು ಒಂದು ದಿನ ಇಟ್ಟುಕೊಂಡು ಹೋಗಬೇಕಾದ ಜಾಗ. ರಾನ್ಸೂ ಎಂಬ ಹಳ್ಳಿಯಿಂದ ಮೂರು ಕಿಲೋಮೀಟರ್‌ಗೂ ಹೆಚ್ಚು ನಡೆಯಬೇಕು, ಗುಹೆಯ ದಾರಿ ಒಂದು ಕಡೆ ಮೈ ಅಡ್ಡ ಮಾಡಿ ನುಸುಳುವಷ್ಟು ಇಕ್ಕಟ್ಟು. ರಾತ್ರಿಯಿಡೀ ನಡೆದು ಕಾಲು ಊದಿಕೊಂಡವರನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅರ್ಧ ಜನ ಬಸ್ಸಿನಿಂದ ಇಳಿಯಲೇ ಇಲ್ಲ. ಚೆನಾಬ್ ಸೇತುವೆಯೂ ಹಾಗೆಯೇ. ನದಿಯಿಂದ 359 ಮೀಟರ್ ಎತ್ತರದಲ್ಲಿ ಕಟ್ಟಿದ ಸೇತುವೆ, ದೂರದಿಂದ ನೋಡಿದರೂ ಮೈ ಜುಮ್ಮೆನ್ನುತ್ತದೆ. ಆಗ ಬಸ್ಸಿನಲ್ಲಿ ಎಲ್ಲರೂ ಗೊರಕೆ ಹೊಡೆಯುತ್ತಿದ್ದರು.

ಇನ್ನೊಂದು ಭಯದ ವಿಷಯ. ಪಟ್ಟಿಯಲ್ಲಿ ಒಂದು ದಿನವೂ ಖಾಲಿ ಇಲ್ಲ. 2025ರ ಆಗಸ್ಟ್ 26ರಂದು ಅರ್ಧಕುವಾರಿ ಬಳಿ ಮಳೆಗೆ ಗುಡ್ಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅಂಥ ಬೆಟ್ಟದಲ್ಲಿ ಮಳೆ ಬಂದರೆ ಒಂದು ದಿನ ಕಾಯೋಣ ಅನ್ನುವುದಕ್ಕೆ ಇವರ ಹತ್ತಿರ ದಿನವೇ ಇಲ್ಲ.

ಪಟ್ನಿಟಾಪ್ ಬಿಡಿ, ಬೆಟ್ಟದ ಮೇಲೆ ಒಂದು ರಾತ್ರಿ ಇಡಿ. ಇಷ್ಟೇ ನಾನು ಕೇಳುವುದು. ದೇವಸ್ಥಾನ ಮಂಡಳಿಯದೇ ರೂಮುಗಳಿವೆ, ಮೊದಲೇ ಬುಕ್ ಮಾಡಬಹುದು. ಅರ್ಧಕುವಾರಿಯಿಂದ ಬ್ಯಾಟರಿ ಗಾಡಿ ಇದೆ. ಟೂರ್‌ನವರಿಗೆ ಇದನ್ನೆಲ್ಲ ಬರೆದು ಕಳಿಸಿದೆ. ದುಡ್ಡು ವಾಪಸ್ ಕೇಳಲಿಲ್ಲ. "ನಿಮ್ಮ ತಾಯಿಯವರು ಸ್ವಲ್ಪ ನಿಧಾನ ಸರ್, ಉಳಿದವರೆಲ್ಲ ಖುಷಿಯಾಗಿದ್ದಾರೆ" ಅಂತ ಉತ್ತರ ಬಂತು. ಉಳಿದವರ ಫೋನ್ ನಂಬರ್ ನನ್ನ ಹತ್ತಿರವೂ ಇದೆ, ಅವರ ಖುಷಿ ಎಷ್ಟು ಅಂತ ಗೊತ್ತು. ಮುಂದಿನ ತಂಡಕ್ಕೆ ಆಗಲೇ ಬುಕ್ಕಿಂಗ್ ಶುರುವಾಗಿದೆ. ಪಟ್ಟಿಯಲ್ಲಿ ಒಂದು ಸಾಲೂ ಬದಲಾಗಿಲ್ಲ.