ಅಟ್ಟದ ಮೇಲಿನ ಗಿಟಾರು

ಹೋದ ತಿಂಗಳು ಒಂದು ಭಾನುವಾರ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದ್ದೆ. ಇಲ್ಲಿ ಡಬ್ಲಿನ್‌ನಲ್ಲಿ ಮಧ್ಯಾಹ್ನ, ದಾವಣಗೆರೆಯಲ್ಲಿ ಆಗಲೇ ದೀಪ ಹಚ್ಚುವ ಹೊತ್ತು. ಅಕ್ಕ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದಳು. ಹಿಂದೆ ಅಳಿಯ ಗೋಡೆಗೆ ಒರಗಿ ಪುಸ್ತಕ ಹಿಡಿದು ಕೂತಿದ್ದ. ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಮೊದಲಿಂದಲೂ ಮಾತು ಕಡಿಮೆ. ನೆಂಟರು ಬಂದರೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ನಾನೇ ಅವನಿಗೊಂದು ಗಿಟಾರು ಕೊಡಿಸಿದ್ದೆ.

"ಏನೋ, ಗಿಟಾರು ಎಲ್ಲಿ?" ಅಂದೆ. ಅವನು ತಲೆ ಎತ್ತಲಿಲ್ಲ. ಅಕ್ಕ ಫೋನನ್ನು ಮೇಲಕ್ಕೆ ತಿರುಗಿಸಿ ತೋರಿಸಿದಳು. ಅಟ್ಟದ ಮೇಲೆ, ಗಣೇಶನ ಮಂಟಪದ ಪಕ್ಕದಲ್ಲಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟ ಒಂದು ಗಂಟು. ಉದ್ದ ಕುತ್ತಿಗೆ ಮಾತ್ರ ಹೊರಗೆ ಕಾಣುತ್ತಿತ್ತು.

"ಸೆಕೆಂಡ್ ಪಿಯುಸಿ ಮುಗೀಲಿ ಕಣೋ. ಆಮೇಲೆ ಏನು ಬೇಕಾದ್ರೂ ಮಾಡ್ಲಿ."

ಈ ಮಾತು ಕೇಳದ ಮನೆ ನಮ್ಮಲ್ಲಿ ಇದೆಯಾ? ನಾನೂ ಕೇಳಿಯೇ ಬೆಳೆದವನು. ಆದರೆ ಅವತ್ತು ಯಾಕೋ ಚುಚ್ಚಿತು. ಅಳಿಯ ಒಂದು ಸಲ ಮೇಲೆ ನೋಡಿ ಮತ್ತೆ ಪುಸ್ತಕಕ್ಕೆ ಕಣ್ಣು ಹಾಕಿದ. ಆ ನೋಟ ದಿನವಿಡೀ ಮನಸ್ಸಿನಿಂದ ಹೋಗಲಿಲ್ಲ.

ರಾತ್ರಿ ನಿದ್ದೆ ಬರದೆ ಒಂದು ಸಿನಿಮಾ ಹಾಕಿಕೊಂಡೆ. 'ಸಿಂಗ್ ಸ್ಟ್ರೀಟ್'. 2016ರದ್ದು, ನಿರ್ದೇಶಕ ಜಾನ್ ಕಾರ್ನಿ. ಇದೇ ಡಬ್ಲಿನ್‌ನ ಕಥೆ, ನಡೆಯುವುದು 1985ರಲ್ಲಿ. ಕಾನರ್ ಅನ್ನುವ ಹುಡುಗ, ಅಳಿಯನದೇ ವಯಸ್ಸು. ಮನೆಯಲ್ಲಿ ದುಡ್ಡಿನ ತಾಪತ್ರಯ. ಅಪ್ಪ ಅಮ್ಮನಿಗೆ ದಿನಾ ಜಗಳ. ಖರ್ಚು ಉಳಿಸಲು ಒಳ್ಳೇ ಶಾಲೆ ಬಿಡಿಸಿ ಸಿಂಗ್ (Synge) ಸ್ಟ್ರೀಟ್‌ನ ಕ್ರೈಸ್ತ ಬ್ರದರ್‌ಗಳ ಶಾಲೆಗೆ ಹಾಕುತ್ತಾರೆ. ಅಲ್ಲಿ ಮೊದಲ ದಿನವೇ ಹೊಡೆತ. ಕಂದು ಬಣ್ಣದ ಶೂ ಹಾಕಿಕೊಂಡು ಬಂದ ಅಂತ ಮುಖ್ಯಸ್ಥರಿಂದ ಅವಮಾನ. ಕಪ್ಪು ಶೂ ಕೊಳ್ಳಲು ಮನೆಯಲ್ಲಿ ದುಡ್ಡಿಲ್ಲ.

ಶಾಲೆ ಎದುರಿನ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ನಿಂತಿರುತ್ತಾಳೆ. ಧೈರ್ಯ ಮಾಡಿ ಹೋಗಿ, ನಮ್ಮ ಬ್ಯಾಂಡಿನ ವಿಡಿಯೋದಲ್ಲಿ ನಟಿಸ್ತೀಯಾ ಅಂತ ಕೇಳುತ್ತಾನೆ. ಬ್ಯಾಂಡೇ ಇಲ್ಲ! ಕೇಳಿ ಆಗಿದೆ, ಈಗ ಕಟ್ಟಲೇಬೇಕು. ಮದುವೆ ಮನೆಗಳಲ್ಲಿ ಹಾಡುವವನ ಮಗ ಒಬ್ಬ ಸಿಗುತ್ತಾನೆ. ಅವನ ಮನೆ ತುಂಬಾ ವಾದ್ಯಗಳು, ಜೊತೆಗೆ ಮೊಲಗಳು. ಅಲ್ಲಿ ಕೂತು ಹುಡುಗರು ಬೇರೆಯವರ ಹಾಡೊಂದನ್ನು ನುಡಿಸಿ ರೆಕಾರ್ಡ್ ಮಾಡುತ್ತಾರೆ. ತಾಳ ಇಲ್ಲ, ಶ್ರುತಿ ಇಲ್ಲ. ಆ ಕ್ಯಾಸೆಟ್ಟನ್ನು ಕಾನರ್ ತನ್ನ ಅಣ್ಣ ಬ್ರೆಂಡನ್‌ಗೆ ಕೇಳಿಸುತ್ತಾನೆ.

ಅಣ್ಣನಿಗೆ ಕೋಪ ಬರುತ್ತದೆ. ಕೆಟ್ಟದಾಗಿ ನುಡಿಸಿದ್ದಕ್ಕಲ್ಲ. ಬೇರೆಯವರ ಹಾಡನ್ನು ನುಡಿಸಿದ್ದಕ್ಕೆ. ನಿನ್ನದೇ ಹಾಡು ಬರಿ ಅನ್ನುತ್ತಾನೆ. ನಗೆಪಾಟಲಾಗುವುದಕ್ಕೆ ತಯಾರಿಲ್ಲದವನು ಈ ಸಂಗೀತಕ್ಕೆ ಕೈ ಹಾಕಬಾರದು ಅನ್ನುವುದು ಅವನ ಮಾತಿನ ಅರ್ಥ. ಅಲ್ಲಿ ನಾನು ಸಿನಿಮಾ ನಿಲ್ಲಿಸಿದೆ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ನನಗೆ ಯಾರೂ ಹೀಗೆ ಹೇಳಿರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಒಂದು ಭಾವಗೀತೆ ಹಾಡಿದೆ. ಎರಡನೇ ಚರಣಕ್ಕೆ ಬರುವಾಗ ಸಾಲು ಮರೆತುಹೋಯಿತು. ಮೈಕಿನ ಮುಂದೆ ಸುಮ್ಮನೆ ನಿಂತೆ. ಕಾರ್ಯಕ್ರಮ ನಡೆಸುತ್ತಿದ್ದ ಮೇಷ್ಟ್ರು ಇನ್ನೊಂದು ಮೈಕಿನಲ್ಲೇ, "ಪ್ರಾಕ್ಟೀಸ್ ಇಲ್ಲದೆ ಸ್ಟೇಜ್ ಯಾಕೆ ಹತ್ತಬೇಕು?" ಅಂದರು. ಇಡೀ ಮೈದಾನ ನಕ್ಕಿತು. ಇಳಿದು ಬಂದು ಸಾಲಿನಲ್ಲಿ ಕೂತೆ. ಅವತ್ತಿನಿಂದ ಇವತ್ತಿನವರೆಗೆ ನಾನು ಯಾರ ಎದುರಿಗೂ ಹಾಡಿಲ್ಲ.

ಇದಕ್ಕೆ ಎದುರಾಗಿ ಇಲ್ಲಿನ ಒಂದು ಸಂಜೆ ಹೇಳುತ್ತೇನೆ. ಗ್ರಾಫ್ಟನ್ ಸ್ಟ್ರೀಟ್ ಅಂದರೆ ಡಬ್ಲಿನ್‌ನ ದೊಡ್ಡ ಪೇಟೆ ಬೀದಿ. ಅಲ್ಲಿ ನಗರಪಾಲಿಕೆಯ ಪರವಾನಗಿ ಇಟ್ಟುಕೊಂಡು ಹಾಡುವವರು ದಿನಾ ಇರುತ್ತಾರೆ. ನಾನು ಬಂದ ಮೊದಲ ಚಳಿಗಾಲ. ಒಬ್ಬ ಹುಡುಗ, ಕೂದಲು ಕಣ್ಣಿಗೆ ಬೀಳುತ್ತಿತ್ತು, ನೆಲ ನೋಡಿಕೊಂಡೇ ಹಾಡುತ್ತಿದ್ದ. ಚಳಿಗೆ ಬೆರಳ ತುದಿ ಕೆಂಪಾಗಿದ್ದವು. ಗಿಟಾರಿನ ಮೇಲೆ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಬೆರಳು ಬದಲಿಸುವಾಗ ಪ್ರತಿ ಸಲ ಒಂದು ಕ್ಷಣ ತಡ. ಹಾಡಿನ ನಡುವೆ ನಿಂತೇ ಹೋದ. ಮರೆತಿದ್ದ. ನನಗೆ ನನ್ನ ಎಂಟನೇ ಕ್ಲಾಸು ನೆನಪಾಗಿ ಎದೆ ಧಸಕ್ಕೆಂದಿತು.

ತರಕಾರಿ ಚೀಲ ಹಿಡಿದಿದ್ದ ಒಬ್ಬ ಅಜ್ಜಿ, "ಗೋ ಆನ್, ಯೂ ಗುಡ್ ಥಿಂಗ್!" ಅಂತ ಕೂಗಿದರು. ಭಲೇ ಮಗನೇ, ಬಿಡಬೇಡ ಅಂದ ಹಾಗೆ. ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಹುಡುಗ ನಕ್ಕ, ಮೊದಲಿಂದ ಶುರು ಮಾಡಿದ. ಎರಡನೇ ಸಲವೂ ಅಷ್ಟೇನೂ ಚೆನ್ನಾಗಿ ಹಾಡಲಿಲ್ಲ. ಆದರೂ ಅಜ್ಜಿ ಕೊನೆವರೆಗೆ ನಿಂತು ಕೇಳಿದರು. ಪೆಟ್ಟಿಗೆಯೊಳಗೆ ನಾಣ್ಯ ಹಾಕಿ, "ಫೇರ್ ಪ್ಲೇ ಟು ಯೂ", ಅಂದರೆ ಶಹಬ್ಬಾಸ್, ಅಂದು ಹೋದರು.

ನಾನು ಹೇಳಬೇಕಾದ್ದು ಇಷ್ಟೇ. ನಮ್ಮ ಮನೆಗಳಲ್ಲಿ ಸಂಗೀತದ ಮೇಲೆ ದ್ವೇಷ ಇಲ್ಲ. ಆದರೆ ಮಕ್ಕಳು ಕೆಟ್ಟದಾಗಿ ಹಾಡಲು ನಾವು ಬಿಡುವುದಿಲ್ಲ. ಹಾಡಿದರೆ ಬಹುಮಾನ ಬರಬೇಕು. ಕಲಿತರೆ ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಸೀನಿಯರ್. ಟಿವಿಯ ಸ್ಪರ್ಧೆಯಲ್ಲಿ ಪುಟ್ಟ ಮಕ್ಕಳು ಕೂಡ ತಪ್ಪಿಲ್ಲದೆ ಹಾಡಬೇಕು. ರಘು ದೀಕ್ಷಿತ್ ಅವರ ವಿಷಯ ಬಂದಾಗ ನಮ್ಮವರು ಹೇಗೆ ಹೇಳುತ್ತಾರೆ ನೋಡಿ. "ಮೈಕ್ರೋಬಯಾಲಜಿ ಎಂಎಸ್ಸಿ, ಗೋಲ್ಡ್ ಮೆಡಲ್!" ಮೊದಲು ಅದು, ಆಮೇಲೆ ಗಿಟಾರು. ಶಿಶುನಾಳ ಷರೀಫರ ಪದಗಳನ್ನು ರಾಕ್ ಧಾಟಿಯಲ್ಲಿ ನಮ್ಮ ಕಾಲೇಜು ಹುಡುಗರ ಬಾಯಿಗೆ ತಂದುಕೊಟ್ಟವರು ಅವರು. ಆದರೂ ಮನೆಯಲ್ಲಿ ಅವರ ಹೆಸರು ಒಪ್ಪಿಗೆಯಾಗಬೇಕಾದರೆ ಮೆಡಲ್ ಬೇಕು.

2011ರ ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ರಾಕ್ ಬ್ಯಾಂಡ್ ಮೆಟಾಲಿಕಾ ಬಂದಿತ್ತು. ನಾನೂ ಹೋಗಿದ್ದೆ. ಸುತ್ತ ಇದ್ದವರಿಗೆಲ್ಲ ಒಂದೊಂದು ಸಾಲೂ ಬಾಯಿಪಾಠ. ಗಾಳಿಯಲ್ಲೇ ಗಿಟಾರು ನುಡಿಸುತ್ತಿದ್ದರು, ಬೆರಳು ಸರಿಯಾದ ಜಾಗದಲ್ಲೇ ಓಡುತ್ತಿದ್ದವು. ಸೋಮವಾರ ಬೆಳಿಗ್ಗೆ ಎಲ್ಲರೂ ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು ಕಂಪನಿ ಬಸ್ಸು ಹತ್ತಿದೆವು. ಆ ಜನರಲ್ಲಿ ಎಷ್ಟು ಮನೆಯ ಅಟ್ಟದ ಮೇಲೆ ಒಂದೊಂದು ಗಂಟು ಇತ್ತೋ ಅಂತ ಈಗ ಯೋಚಿಸುತ್ತೇನೆ.

ಐರ್ಲೆಂಡಿನ ಶಾಲೆಗಳಲ್ಲಿ ಟ್ರಾನ್ಸಿಷನ್ ಇಯರ್ ಅಂತ ಒಂದು ವರ್ಷ ಇದೆ. 1974ರಲ್ಲಿ ಶುರುವಾಗಿದ್ದು. ಹದಿನೈದು-ಹದಿನಾರರ ವಯಸ್ಸು, ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ ಮುಗಿದ ಮೇಲೆ, ಕೊನೆಯ ದೊಡ್ಡ ಪರೀಕ್ಷೆಯ ಓದು ಹಿಡಿಯುವ ಮೊದಲು. ಬೇಕಾದವರು ತಗೊಳ್ಳಬಹುದು. ಆ ವರ್ಷ ದೊಡ್ಡ ಪರೀಕ್ಷೆ ಇಲ್ಲ. ಮಕ್ಕಳು ನಾಟಕ ಆಡುತ್ತಾರೆ, ಸಂಗೀತ ರೂಪಕ ಮಾಡುತ್ತಾರೆ, ಅಂಗಡಿಯಲ್ಲೋ ಆಫೀಸಿನಲ್ಲೋ ಕೆಲವು ದಿನ ಕೆಲಸ ಕಲಿಯುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗಿ ಆ ವರ್ಷ ಡ್ರಮ್ಸ್ ಹಿಡಿದಳು. ಮೂರು ತಿಂಗಳು ನಮ್ಮ ಗೋಡೆ ಅದುರುತ್ತಿತ್ತು. ನನ್ನ ಹೆಂಡತಿಗೆ ತಲೆನೋವು. ಹೇಳೋಣ ಅಂತ ಹೋದರೆ ಅವಳ ಅಪ್ಪ ಬಾಗಿಲು ತೆಗೆದು, "ಕೇಳಿಸ್ತಾ? ನಿನ್ನೆಗಿಂತ ಪರವಾಗಿಲ್ಲ ಅಲ್ವಾ?" ಅಂತ ಖುಷಿಯಿಂದ ಕೇಳಿದರು. ಏನು ಹೇಳಲಿ? ಹೌದು ಅಂದು ವಾಪಸ್ ಬಂದೆ.

ಅದೇ ವಯಸ್ಸಿನಲ್ಲಿ ನಮ್ಮ ಮಕ್ಕಳು ಬೆಳಗಿನ ಐದಕ್ಕೆ ಎದ್ದು ಇಂಟಿಗ್ರೇಟೆಡ್ ಕೋಚಿಂಗಿನ ಬಸ್ಸಿಗೆ ಕಾಯುತ್ತಿರುತ್ತಾರೆ. ಒಂದೇ ಒಂದು ವರ್ಷ! ಅಷ್ಟು ಕೊಡಲು ನಮ್ಮಿಂದ ಆಗುವುದಿಲ್ಲ ಅನ್ನುವುದೇ ನನಗೆ ಸಂಕಟ.

ಇಲ್ಲಿನ ನಾಣ್ಯದ ಮೇಲೆ ಹಾರ್ಪ್ ಇದೆ. ಪಾಸ್‌ಪೋರ್ಟಿನ ಮೇಲೂ ಅದೇ. ಒಂದು ವಾದ್ಯವೇ ದೇಶದ ಲಾಂಛನ. 1976ರಲ್ಲಿ ಹದಿನಾಲ್ಕು ವರ್ಷದ ಲ್ಯಾರಿ ಮಲೆನ್ ಶಾಲೆಯ ನೋಟಿಸ್ ಬೋರ್ಡಿಗೆ, ಬ್ಯಾಂಡಿಗೆ ಜನ ಬೇಕು ಅಂತ ಚೀಟಿ ಅಂಟಿಸಿದ. ಬಂದವರು ಅವನ ಮನೆಯ ಅಡುಗೆಮನೆಯಲ್ಲಿ ಸೇರಿದರು. ಅದು ಮುಂದೆ ಜಗತ್ತಿಗೇ ಗೊತ್ತಾದ ರಾಕ್ ಬ್ಯಾಂಡ್ ಯೂ-ಟೂ ಆಯಿತು. ಆ ಅಡುಗೆಮನೆಯಲ್ಲಿ ಮೊದಲ ದಿನ ಎಂಥ ಗಲಾಟೆ ಎದ್ದಿರಬೇಡ! 2022ರಲ್ಲಿ ಇಲ್ಲಿನ ಸರ್ಕಾರ ಪ್ರಯೋಗಕ್ಕೆಂದು 2000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡಲು ಶುರು ಮಾಡಿತು. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನಂಬಲಿಲ್ಲ.

ಸಿನಿಮಾ ನೋಡಿದ ಮರುದಿನವೇ ಫೋನ್ ಮಾಡಿ ಇಷ್ಟನ್ನೂ ಅವಳಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಆ ಸಿನಿಮಾ ಹುಡುಗ ಕೊನೆಗೆ ಏನಾದ?"

ನಾನು ಸುಮ್ಮನಾದೆ. ಯಾಕೆಂದರೆ ಕಾನರ್ ಕೊನೆಗೆ ಊರು ಬಿಡುತ್ತಾನೆ. ಅಜ್ಜನ ಸಣ್ಣ ದೋಣಿ ತೆಗೆದುಕೊಂಡು, ಆ ಹುಡುಗಿಯ ಜೊತೆ, ಮಳೆಗಾಳಿಯಲ್ಲಿ ಸಮುದ್ರ ದಾಟಿ ಇಂಗ್ಲೆಂಡಿನ ಕಡೆಗೆ. ಅವನ ಡಬ್ಲಿನ್‌ನಲ್ಲಿ ಅವನಿಗೆ ಜಾಗ ಇರಲಿಲ್ಲ. ಆ ಕಾಲದ ಐರ್ಲೆಂಡಿನಲ್ಲಿ ಕೆಲಸ ಹುಡುಕುವ ಪ್ರತಿ ನೂರು ಜನರಲ್ಲಿ ಹದಿನೇಳು ಜನಕ್ಕೆ ಕೆಲಸ ಇರಲಿಲ್ಲ. ಹುಡುಗರು ಲಂಡನ್ ದೋಣಿ ಹತ್ತುತ್ತಿದ್ದರು. ಗಂಡ ಹೆಂಡತಿ ಬೇರೆಯಾಗಬೇಕೆಂದರೂ ಕಾನೂನಿನಲ್ಲಿ ವಿಚ್ಛೇದನವೇ ಇರಲಿಲ್ಲ, 1995ರ ಜನಮತದವರೆಗೆ. ಸಿನಿಮಾದಲ್ಲಿ ಕಾನರ್‌ನ ಅಮ್ಮ ಕೆಲಸ ಮುಗಿಸಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಾಳೆ, ಮರೆಯಾಗುವ ಬಿಸಿಲಿಗೆ ಮುಖ ಕೊಟ್ಟು. ಅವಳಿಗೂ ಎಲ್ಲಿಗೋ ಹೋಗುವ ಆಸೆ ಇತ್ತು, ಹೋಗಲಾಗಲಿಲ್ಲ. ಅಣ್ಣ ಬ್ರೆಂಡನ್‌ದೂ ಅದೇ ಕಥೆ. ಕಾಲೇಜು ಬಿಟ್ಟು ಮನೆಯಲ್ಲೇ ಕೂತವನು. ತಾನು ಕಾಡು ಕಡಿದು ದಾರಿ ಮಾಡಿದೆ, ನೀನು ಆ ದಾರಿಯಲ್ಲಿ ನಡೆದೆ ಅಂತ ತಮ್ಮನ ಮೇಲೆ ಒಮ್ಮೆ ಸಿಡಿಯುತ್ತಾನೆ. ನಮ್ಮ ಮನೆಗಳ ಹಿರೀ ಮಕ್ಕಳ ಸಿಟ್ಟಿನ ಹಾಗೇ ಇತ್ತು ಅದು. ಸಿನಿಮಾ ಅಣ್ಣ-ತಮ್ಮಂದಿರಿಗೇ ಅರ್ಪಣೆ.

ಅಂದರೆ ಆ ಅಜ್ಜಿ "ಗೋ ಆನ್" ಅನ್ನುವ ಊರು ಮೊದಲಿಂದ ಹೀಗಿರಲಿಲ್ಲ. ಈಗಲೂ ಎಲ್ಲ ಸರಿ ಇದೆ ಅಂತಲ್ಲ. ಇಲ್ಲೂ ಟ್ಯೂಷನ್ ಇದೆ, 'ಗ್ರೈಂಡ್ಸ್' ಅನ್ನುತ್ತಾರೆ. ಲೀವಿಂಗ್ ಸರ್ಟ್ ಅನ್ನುವ ಆ ಕೊನೆಯ ಪರೀಕ್ಷೆಯಲ್ಲಿ ಪೂರ್ತಿ 625 ಪಾಯಿಂಟ್ ಆಸೆಗೆ ನಿದ್ದೆ ಬಿಡುವ ಮಕ್ಕಳಿದ್ದಾರೆ. ಡ್ರಮ್ಸ್ ಹುಡುಗಿಯೂ ಮುಂದಿನ ವರ್ಷ ಓದಿಗೆ ಕೂತಳು, ಗೋಡೆ ಸುಮ್ಮನಾಯಿತು. ಗಿಟಾರು ಪಾಠಕ್ಕೆ ಇಲ್ಲಿ ಕೊಡುವ ದುಡ್ಡು ಜಾಸ್ತಿ, ಅದಿಲ್ಲದ ಮನೆಯ ಮಕ್ಕಳಿಗೆ ಇಲ್ಲೂ ಬಾಗಿಲು ಅಷ್ಟು ಸುಲಭಕ್ಕೆ ತೆಗೆಯುವುದಿಲ್ಲ. ನಮ್ಮ ಕೇರಿಯಲ್ಲಿ ಒಬ್ಬ ಟೀಚರಮ್ಮ ಇದ್ದರು. ಸಂಜೆ ಜಗುಲಿ ಮೇಲೆ ಹತ್ತು ಮಕ್ಕಳನ್ನು ಕೂರಿಸಿಕೊಂಡು ದೇವರನಾಮ ಹೇಳಿಕೊಡುತ್ತಿದ್ದರು, ಒಂದು ರೂಪಾಯಿ ತಗೊಳ್ಳದೆ. ಕೊನೆಗೆ ಎಲ್ಲರ ಕೈಗೂ ಕೋಸಂಬರಿ. ಅಲ್ಲಿ ಅಪಸ್ವರ ಹಾಡಿದರೂ ಯಾರೂ ನಗುತ್ತಿರಲಿಲ್ಲ. ಇದನ್ನು ಅಕ್ಕ ನೆನಪಿಸಿದಳು. ನಾನು ಮರೆತಿದ್ದೆ, ಅಥವಾ ನೆನಪು ಮಾಡಿಕೊಳ್ಳಲು ಮನಸ್ಸಿರಲಿಲ್ಲ.

ಇನ್ನೊಂದನ್ನೂ ಅವಳೇ ಹೇಳಿದಳು. ಭೀಮಸೇನ ಜೋಶಿ. 1933ರಲ್ಲಿ, ಹನ್ನೊಂದು ವರ್ಷಕ್ಕೆ, ಸಂಗೀತಕ್ಕಾಗಿ ಗದಗಿನ ಮನೆ ಬಿಟ್ಟು ಹೋದವರು. ಅದಕ್ಕೂ ಮೊದಲು, ಬೀದಿಯಲ್ಲಿ ಭಜನೆಯೋ ಬ್ಯಾಂಡೋ ಹೋದರೆ ಅದರ ಹಿಂದೆಯೇ ನಡೆದು ಎಲ್ಲೋ ಮಲಗಿಬಿಡುತ್ತಿದ್ದರಂತೆ. ಹುಡುಕಿ ಸಾಕಾಗಿ ಅಪ್ಪ ಅವರ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಅಂತ ಬರೆದರಂತೆ. ಸಿಕ್ಕವರು ಮನೆಗೆ ತಂದು ಬಿಡಲಿ ಅಂತ. ಓಡಿಹೋದ ಮೇಲೂ ಮಗನನ್ನು ಹುಡುಕಿಕೊಂಡು ಜಲಂಧರ್‌ವರೆಗೆ ಹೋಗಿ ಕರೆತಂದರು. ಆಮೇಲೆ ಆ ಹುಡುಗ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತ. "ಜೋಶಿ ಮಾಸ್ತರರೂ ನಮ್ಮವರೇ ಅಲ್ವಾ?" ಅಂದಳು ಅಕ್ಕ.

ಹೌದು, ನಮ್ಮವರೇ. ಆದರೆ ಅಷ್ಟೆಲ್ಲ ಓಡಬೇಕಾಯಿತಲ್ಲ ಆ ಮಗು? ಮನೆ ಬಿಟ್ಟು ಓಡುವಷ್ಟು ಧೈರ್ಯ ಇರುವ ಮಕ್ಕಳು ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ನನ್ನ ಅಳಿಯ ನೆಂಟರ ಎದುರಿಗೆ ಬರಲೂ ಹೆದರುವ ಹುಡುಗ. ಅವನು ಯಾವ ರೈಲೂ ಹತ್ತುವುದಿಲ್ಲ. ಅವನಿಗೆ ಗಿಟಾರು ಕೈಗೆಟುಕುವ ಕಡೆ ಇರಬೇಕು, ಅಷ್ಟೇ. ಇದನ್ನು ಅಕ್ಕನಿಗೆ ಹೇಳಿದೆ. ಈ ಸಲ ಜೋರು ಮಾಡಲಿಲ್ಲ. ಅವಳು ಏನೂ ಹೇಳದೆ ಫೋನ್ ಇಟ್ಟಳು.

ಹೋದ ವಾರ ಅಳಿಯನಿಂದ ಒಂದು ಫೋಟೋ ಬಂತು. ಗಿಟಾರು ಮಂಚದ ಮೇಲೆ ಮಲಗಿತ್ತು. ಬೆಡ್‌ಶೀಟ್ ಪಕ್ಕದಲ್ಲಿ ಮಡಚಿಟ್ಟಿತ್ತು. ಭಾನುವಾರ ಒಂದು ಗಂಟೆ ಅಂತ ಅಮ್ಮ ಒಪ್ಪಿದ್ದಾಳೆ ಅಂತ ಬರೆದಿದ್ದ. ಕೆಳಗೆ ಇನ್ನೊಂದು ಸಾಲು: "ಮಾಮ, ತಂತಿ ಎಲ್ಲಾ ತುಕ್ಕು ಹಿಡಿದಿದೆ. ಮೇಲಿನದು ಎರಡು ತುಂಡಾಗಿದೆ."

ತಂತಿ ದಾವಣಗೆರೆಯಲ್ಲೂ ಸಿಗುತ್ತದೆ. ಆದರೂ ಶನಿವಾರ ಪೇಟೆಗೆ ಹೋಗಿ ಎರಡು ಸೆಟ್ ತಂದೆ. ಡಿಸೆಂಬರಿನಲ್ಲಿ ಗೆಳೆಯರೊಬ್ಬರು ಚಿತ್ರದುರ್ಗಕ್ಕೆ ಹೋಗುತ್ತಿದ್ದಾರೆ, ಅವರ ಕೈಲಿ ಕಳಿಸುತ್ತೇನೆ. ಅಲ್ಲಿಯವರೆಗೆ ಉಳಿದ ನಾಲ್ಕು ತಂತಿಯಲ್ಲೇ ನುಡಿಸು ಅಂತ ಹೇಳಿದ್ದೇನೆ.